ರುದ್ರಪ್ಪನವರ ಕಾರು, ಗಿರಿಜಮ್ಮನ ತರಗೆಲೆ

ವಿಜಯನಗರದ ಬಸ್ ನಿಲ್ದಾಣದ ಹಿಂದೆ ಕಬ್ಬಿನ ಹಾಲಿನ ಗಾಡಿಯೊಂದು ನಿಲ್ಲುತ್ತದೆ. ಹಿಂಡಿ ಬಿಸಾಡಿದ ಸಿಪ್ಪೆ ಅದರ ಪಕ್ಕದಲ್ಲಿ ಸೊಂಟದೆತ್ತರ ಬಿದ್ದಿರುತ್ತದೆ. ನಿನ್ನೆಯ ಸಿಪ್ಪೆಗೆ ಇವತ್ತಿನ ಬಿಸಿಲು ತಗುಲಿದರೆ ಒಂದು ವಾಸನೆ ಏಳುತ್ತದೆ. ಅರ್ಧ ಸಿಹಿ, ಅರ್ಧ ಹುಳಿ, ದೋಸೆ ಹಿಟ್ಟಿಗೆ ಯಾರೋ ಬೆಲ್ಲ ಬೆರೆಸಿ ಮರೆತುಹೋದಂತೆ. ಈ ಭಾನುವಾರ ಬೆಳಿಗ್ಗೆ ಕೆಂಗೇರಿ ಬಸ್ಸಿಗೆ ಕಾಯುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ನಾನು ನಕ್ಕುಬಿಟ್ಟೆ. ಒಬ್ಬಳೇ, ಜೋರಾಗಿ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ದಾಟಿಸಿಕೊಂಡರು.

ನೀವು ನನ್ನನ್ನು ಬಲ್ಲವರಲ್ಲ, ಆದ್ದರಿಂದ ಹೇಳಬೇಕು: ನಾನು ಬಸ್ ನಿಲ್ದಾಣದಲ್ಲಿ ನಗುವವಳಲ್ಲ. ಮದುವೆಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಸಾಲಿನಲ್ಲಿ ಕುಳಿತು ಉಂಡು, ಚಪ್ಪಲಿ ಹುಡುಕಿಕೊಂಡು ಹೊರಟುಬರುವವಳು. ಅಂಥವಳನ್ನು ಕಬ್ಬಿನ ಸಿಪ್ಪೆ ನಗಿಸಿತು ಎಂದರೆ ಅದಕ್ಕೊಂದು ಕಾರಣವಿದೆ. ಬಸ್ಸು ಬಂತು, ನಾನು ಹತ್ತಲಿಲ್ಲ. ಕಾಲು ತಾನಾಗಿ ಹಿಂದಿನ ರಸ್ತೆಗೆ, ಹೊಂಗೆಮರಗಳ ಸಾಲಿನ ಕಡೆಗೆ ತಿರುಗಿತು. ನಡೆಯುತ್ತಾ ಹೇಳುತ್ತೇನೆ, ಬನ್ನಿ.

ಬಹಳ ವರ್ಷಗಳ ಹಿಂದೆ ಆ ರಸ್ತೆಯ ಒಂದು ಮನೆಯ ತಾರಸಿ ಕೋಣೆ ನನ್ನದಾಗಿತ್ತು. ಆಗ ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮೊಬೈಲು ಆಗತಾನೆ ಎಲ್ಲರ ಕೈಗೂ ಬರುತ್ತಿದ್ದ ಕಾಲ. ನನ್ನ ಕೈಗೆ ಇನ್ನೂ ಬಂದಿರಲಿಲ್ಲ, ಅದರಿಂದ ನನಗೇನೂ ಕೊರತೆಯಾಗಿರಲಿಲ್ಲ. ಗಿಡದ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಳಗಿನ ಪ್ರತಿಯೊಂದು ಪದರಕ್ಕೂ ಹೆಸರು ಹೇಳಬಲ್ಲವಳಾಗಿದ್ದೆ. ಒಂದೇ ಒಂದು ಗಿಡವನ್ನು ಬದುಕಿಸಿಟ್ಟ ಅನುಭವ ಮಾತ್ರ ಇರಲಿಲ್ಲ. ಕಿಟಕಿಯಲ್ಲಿಟ್ಟಿದ್ದ ಕಳ್ಳಿಗಿಡ ಕೂಡ ನನ್ನ ಕೈಯಲ್ಲಿ ಸತ್ತಿತ್ತು. ಕಳ್ಳಿಯನ್ನು ಸಾಯಿಸುವುದು ಸುಲಭವಲ್ಲ, ಅದಕ್ಕೂ ಒಂದು ಪ್ರತಿಭೆ ಬೇಕು.

ಮನೆಯ ಒಡತಿ ಗಿರಿಜಮ್ಮ. ದಾವಣಗೆರೆ ಕಡೆಯವರು. ಗಂಡನ ವರ್ಗಾವಣೆಯ ಜೊತೆ ಬೆಂಗಳೂರಿಗೆ ಬಂದು, ಮನೆ ಕಟ್ಟಿಸಿ, ಗೇಟಿನಿಂದ ಬಾಗಿಲವರೆಗಿನ ಜಾಗದಲ್ಲಿ ತೋಟ ಮಾಡಿಕೊಂಡಿದ್ದರು. ತೋಟವೆಂದರೆ ಗೇಟಿನ ಬಳಿ ಕನಕಾಂಬರದ ಒಂದು ಸಾಲು, ಅದರ ಹಿಂದೆ ದುಂಡುಮಲ್ಲಿಗೆ, ದಾಸವಾಳ, ಗುಲಾಬಿ, ಮೂಲೆಗೆ ಒಂದು ನಂದಿಬಟ್ಟಲು. ಬೆಳಿಗ್ಗೆ ಗಂಡನ ಲಿಂಗಪೂಜೆಗೆ ಹೂವು ಅಲ್ಲಿಂದಲೇ ಆಗಬೇಕು. ಅಂಗಡಿಯ ಹೂವನ್ನು ಆಕೆ ನಂಬುತ್ತಿರಲಿಲ್ಲ. "ಅದು ಯಾರ ಬುಟ್ಟಿಯಾಗ ಮಲಗಿ ಎದ್ದು ಬಂದೈತೋ" ಎನ್ನುತ್ತಿದ್ದರು.

ಗಂಡ ರುದ್ರಪ್ಪನವರು ಆಗಷ್ಟೇ ನಿವೃತ್ತರಾಗಿದ್ದರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಕೈಯಲ್ಲಿ ಪೊರಕೆ. ಬೆಳಕು ಹರಿಯುವ ಮುಂಚೆ ಎದ್ದು ಪಂಚೆ ಎತ್ತಿ ಕಟ್ಟಿ ಅಂಗಳ ಗುಡಿಸುವುದು ಅವರ ವ್ರತ. ಕೆಲಸದಲ್ಲಿದ್ದಾಗ ಎಂದೂ ಪೊರಕೆ ಮುಟ್ಟದ ಮನುಷ್ಯನಿಗೆ ನಿವೃತ್ತಿಯ ಮರುದಿನವೇ ಅದರ ಹುಚ್ಚು ಹಿಡಿದುಕೊಂಡಿತ್ತು. ನೆಲದ ಮೇಲೆ ಒಂದು ಎಲೆ ಕಂಡರೂ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಆ ವರ್ಷ ಅವರಿಗೆ ಹಿಡಿದುಕೊಂಡಿದ್ದ ಇನ್ನೊಂದು ಹುಚ್ಚು ಕಾರಿನದು. ಜೀವನದ ಮೊದಲ ಕಾರು, ಪರಿಚಯದವರು ಮಾರಲಿದ್ದ ಹಳೆಯ ಬಿಳಿ ಕಾರು. ಡ್ರೈವಿಂಗ್ ಶಾಲೆ ಸೇರಿದ್ದರು. ಊಟಕ್ಕೆ ಕುಳಿತಾಗ ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸುತ್ತಿದ್ದರು. "ಸಾರು ಬಡಸ್ತೀನಿ, ಗಾಡಿ ನಿಲ್ಲಿಸ್ರಿ" ಎನ್ನುತ್ತಿದ್ದರು ಗಿರಿಜಮ್ಮ.

ಕಾರು ಬಂದರೆ ನಿಲ್ಲಿಸಲು ಜಾಗ ಬೇಕಲ್ಲ. ಗೇಟಿನ ಒಳಗಿದ್ದ ಜಾಗ ತೋಟದ್ದು. ಆ ಬೇಸಿಗೆಗೆ ಬೋರ್‌ವೆಲ್ ಕೂಡ ಕೆಮ್ಮಲು ಶುರುಮಾಡಿತ್ತು, ಕಾವೇರಿ ನೀರು ದಿನ ಬಿಟ್ಟು ದಿನ. ರುದ್ರಪ್ಪನವರು ಪಂಥ ಕಟ್ಟಿದರು. ನಾನು ಮೆಟ್ಟಿಲ ಮೇಲೆ ಶೂ ಕಟ್ಟಿಕೊಳ್ಳುತ್ತಾ ಕೇಳಿಸಿಕೊಂಡೆ.

"ನೋಡೇ, ಜಗಳ ಬೇಡ. ಮೊದಲ ಮಳೆ ಬರೋ ತನಕ ನಲ್ಲಿ ನೀರು ಗಿಡಕ್ಕೆ ಒಂದು ಹನಿ ಇಲ್ಲ. ಅಕ್ಕಿ ತೊಳೆದದ್ದು, ಪಾತ್ರೆ ತೊಳೆದದ್ದು ನಿಂದು. ಅಷ್ಟರಾಗ ತೋಟ ಉಳಿದ್ರೆ ಕಾರು ಬೀದೀಲಿ ನಿಲ್ಲಲಿ. ಒಣಗಿದ್ರೆ ಮೇಸ್ತ್ರಿ ಕರೆದು ಸಿಮೆಂಟ್ ಹಾಕಿಸ್ತೀನಿ."

"ಆಗ್ಲಿ" ಎಂದರು ಗಿರಿಜಮ್ಮ. ಅಷ್ಟೇ. ಆಮೇಲೆ ಮೆಟ್ಟಿಲ ಕಡೆ ತಿರುಗಿ ನನ್ನನ್ನು ನೋಡಿದರು. "ತಂಗಿ, ನೀ ಗಿಡ ಓದಿದೋಳಲ್ಲೇನು?"

ಕಳ್ಳಿಯ ವಿಷಯ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕಳೆದು ಬಂದೆ. ಪುಸ್ತಕಗಳು ಹೇಳುತ್ತಿದ್ದುದು ಒಂದೇ: ಬರಿ ಮಣ್ಣಿನಿಂದ ಬಿಸಿಲು ನೀರು ಹೀರುತ್ತದೆ, ಮಣ್ಣಿಗೆ ಏನಾದರೂ ಹೊದಿಸಿ. ಹುಲ್ಲು, ಎಲೆ, ಹೊಟ್ಟು, ಕೊಳೆಯುವಂಥದ್ದು ಯಾವುದಾದರೂ ಸರಿ. ಕೊಳೆತು ಗೊಬ್ಬರವೂ ಆಗುತ್ತದೆ. ಗಿರಿಜಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ ಮನೆ ಮುಂದೆ ನಾವೇ ಕಸ ಹಾಕೋದು."

"ಹೂಂ, ಆಂಟಿ."

"ಆ ಪೊರಕೆ ಮನುಷ್ಯನ ಕಣ್ಣೆದುರಿಗೆ."

"ಹೂಂ."

ಅವರ ಮುಖದಲ್ಲಿ ಮೂಡಿದ ನಗುವನ್ನು ನೋಡಿದ್ದರೆ ನೀವೂ ಕಸ ಹೊರಲು ಒಪ್ಪುತ್ತಿದ್ದಿರಿ.

ಮೊದಲು ರಾಗಿ ಹುಲ್ಲು. ಕೆಂಗೇರಿ ಆಚೆಯ ಹಳ್ಳಿಯಿಂದ ಹಾಲು ತರುತ್ತಿದ್ದಾತ ಒಂದು ಹೊರೆ ತಂದುಕೊಟ್ಟ. ಹರಡಿದಾಗ ತೋಟಕ್ಕೆ ಚಿನ್ನದ ಚಾಪೆ ಹಾಸಿದಂತಿತ್ತು. ಆದರೆ ಆ ರಸ್ತೆಗೆ ಒಂದು ಹಸುವಿತ್ತು, ಯಾರದೆಂದು ಯಾರಿಗೂ ತಿಳಿಯದ ಹಸು. ಅದು ಕೊಂಬಿನಿಂದ ಗೇಟಿನ ಚಿಲಕ ಎತ್ತುವುದನ್ನು ಒಂದೇ ದಿನದಲ್ಲಿ ಕಲಿತು, ಚಾಪೆಯನ್ನೆಲ್ಲ ಸುತ್ತಿ ತಿಂದು, ಬಾಯಿ ರುಚಿಗೆ ಅರ್ಧ ದಾಸವಾಳವನ್ನೂ ಮುಗಿಸಿ, ಮರುದಿನ ತನ್ನ ಗೆಳತಿಯನ್ನು ಕರೆತಂದಿತು.

ಆಮೇಲೆ ಮರದ ಹೊಟ್ಟು. ಹೊಸಹಳ್ಳಿಯ ಬಡಗಿ ಅಂಗಡಿಯಿಂದ ಚೀಲದಲ್ಲಿ ಹೊತ್ತು ತಂದೆವು. ಹಸು ಮೂಸಿ ನೋಡಿ ಹೋಯಿತು, ನಾವು ಗೆದ್ದೆವೆಂದುಕೊಂಡೆವು. ಮಧ್ಯಾಹ್ನ ಗಾಳಿ ಬೀಸಿತು. ಎದುರುಮನೆಯ ಪದ್ಮಾ ಆಂಟಿ ತಾರಸಿಯ ಮೇಲೆ ಸಂಡಿಗೆ ಹಾಕಿದ್ದರು. ಅವರು ಕೈಪಿಡಿ ಗೋಡೆಯಿಂದ ಬಗ್ಗಿ, ಒಂದಿಷ್ಟೂ ಕೋಪವಿಲ್ಲದ ದನಿಯಲ್ಲಿ ಹೇಳಿದರು: "ಗಿರಿಜಮ್ಮಾ, ನಿಮ್ಮ ತೋಟ ನಮ್ಮ ಸಂಡಿಗೆ ಮೇಲೆ ಬಂದು ಕೂತಿದೆ. ಸ್ವಲ್ಪ ವಾಪಸ್ ಕರ್ಕೊಳ್ಳಿ."

ಮೂರನೆಯದು ಈ ಕಬ್ಬಿನ ಸಿಪ್ಪೆ. ಅದು ನನ್ನ ಆಯ್ಕೆ. ನಾರಿದೆ, ಹಾರುವುದಿಲ್ಲ, ಬೇಗ ಕೊಳೆಯುತ್ತದೆ ಎಂದು ಪುಸ್ತಕದ ಭಾಷೆಯಲ್ಲೇ ಸಮರ್ಥಿಸಿಕೊಂಡಿದ್ದೆ. ತೊಳೆದು, ಕೆಲವು ವಾರ ಹಳತು ಮಾಡಿ ಹಾಕಬೇಕೆನ್ನುವ ಸಾಲು ಮುಂದಿನ ಪುಟದಲ್ಲಿತ್ತು. ಹಸಿ ಸಿಪ್ಪೆ ಹರಡಿದ ಮರುದಿನ, ವಿಜಯನಗರದ ಇರುವೆಗಳಿಗೆಲ್ಲ ಯಾರೋ ಕರಪತ್ರ ಹಂಚಿದಂತಾಯಿತು. ತೋಟದಿಂದ ಹೊರಟ ಸಾಲು ಬಾಗಿಲು ದಾಟಿ, ನಡುಮನೆ ದಾಟಿ, ದೇವರ ಕೋಣೆ ಸೇರಿತು. ರುದ್ರಪ್ಪನವರು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತಿದ್ದರು. ಪೂಜೆ ಮುಗಿಯುವವರೆಗೆ ಅವರು ಮಾತನಾಡುವುದಿಲ್ಲ, ಏಳುವುದೂ ಇಲ್ಲ. ಇರುವೆಗಳು ಪಂಚೆಯ ದಾರಿ ಕಂಡುಕೊಂಡವು. ಕಣ್ಣು ಮುಚ್ಚಿಯೇ ಅವರ ಹುಬ್ಬು ಮೇಲೆ ಹೋಗುವುದು, ಕೆಳಗೆ ಬರುವುದು, ಒಂದು ಮಂಡಿ ತಾನಾಗಿ ಕುಣಿಯುವುದು, ಇದನ್ನೆಲ್ಲ ಗಿರಿಜಮ್ಮ ಬಾಗಿಲ ಸಂದಿಯಿಂದ ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡು ತಾರಸಿಗೆ ಓಡಿಬಂದರು. ನನ್ನ ಮಂಚದ ಮೇಲೆ ಬಿದ್ದು ನಕ್ಕರು. ನಾನೂ ನಕ್ಕೆ. ಅಷ್ಟು ನಕ್ಕದ್ದು ಅದೇ ಮೊದಲಿರಬೇಕು. ಪಕ್ಕೆ ನೋಯುವುದು ಬರಿಯ ಮಾತಲ್ಲ, ನಿಜವಾಗಿ ನೋಯುತ್ತದೆಂದು ಅವತ್ತು ತಿಳಿಯಿತು.

ಉಳಿದದ್ದು ತರಗೆಲೆ. ಶಿವರಾತ್ರಿ ಕಳೆದರೆ ಹೊಂಗೆ ಎಲೆ ಉದುರಿಸುತ್ತದೆ. ಆ ರಸ್ತೆಯ ಹೆಂಗಸರು ತಮ್ಮ ತಮ್ಮ ಬಾಗಿಲು ಗುಡಿಸಿ, ಎಲೆಯನ್ನು ಮೂಲೆಗೆ ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಬೆಂಕಿಗೆ ಮುಂಚೆ ಅದನ್ನು ಕೇಳಿ ತರಬೇಕಿತ್ತು. ಗಿರಿಜಮ್ಮ ಕೇಳುವಂತಿರಲಿಲ್ಲ, ಅವರಿಗೆ ಮರ್ಯಾದೆಯ ಪ್ರಶ್ನೆ. ತಾರಸಿಯ ಹುಡುಗಿಗೆ ಮರ್ಯಾದೆ ಕಡಿಮೆಯೆಂದಲ್ಲ, ಅವಳಿಗೆ ಎಂ.ಎಸ್ಸಿ. ಇತ್ತು, ಓದಿದವರು ಏನು ಕೇಳಿದರೂ ನಡೆಯುತ್ತದೆ. "ನಿಮ್ಮ ಕಸ ಸುಡೋ ಮುಂಚೆ ನಮಗೆ ಕೊಡ್ತೀರಾ" ಎಂಬ ವಾಕ್ಯವನ್ನು ಮೆಟ್ಟಿಲು ಇಳಿಯುವಾಗಲೆಲ್ಲ ಬಾಯಿಪಾಠ ಮಾಡಿದೆ. ಮೊದಲ ಬಾಗಿಲಿಗೆ ಹೋದಾಗ ಬಾಯಿಂದ ಬಂದದ್ದು "ಕಸ" ಎಂಬ ಒಂದೇ ಪದ.

"ಕಸ ಏನು?" ಎಂದರು ಪದ್ಮಾ ಆಂಟಿ.

"ಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಳಗೆ ಬಾ, ಮೊದಲು ತಿಂಡಿ ತಿನ್ನು."

ಒಂದು ವಾರದಲ್ಲಿ ಇಡೀ ರಸ್ತೆ ತರಗೆಲೆಯ ಪಂಡಿತರಿಂದ ತುಂಬಿಹೋಯಿತು. ಯಾರ ಮನೆಯ ಎಲೆ ಶ್ರೇಷ್ಠವೆಂಬ ಪೈಪೋಟಿ ಶುರುವಾಯಿತು. ಮಾವಿನೆಲೆ ಗಟ್ಟಿ, ಬೇಗ ಕರಗದು, ಅದು ಮೇಲೆ. ಹೊಂಗೆ ಮೆತ್ತಗೆ, ಅದು ಕೆಳಗೆ. ನುಗ್ಗೆಯೆಲೆ ಸಣ್ಣದು, ಗಾಳಿಗೆ ನಿಲ್ಲದು, ಅದನ್ನು ನಡುವೆ ಸೇರಿಸಿ. ಯಾರೋ ನೀಲಗಿರಿ ಎಲೆ ತಂದಾಗ ಪದ್ಮಾ ಆಂಟಿಯೇ ಗೇಟಿನಲ್ಲಿ ತಡೆದು ಕಳಿಸಿದರು. "ಇದು ಗಿಡಕ್ಕಾಗಲ್ಲ ಕಣ್ರೀ, ನೆಗಡಿಗೆ ಇಟ್ಕೊಳ್ಳಿ."

ನಾವು ಕೆಲಸ ಕಲಿತೆವು. ಮೊದಲು ಕಳೆ ಕಿತ್ತು, ಪಾತ್ರೆ ತೊಳೆದ ನೀರನ್ನು ಮಣ್ಣಿಗೆ ಕುಡಿಸಿ, ಆಮೇಲೆ ಎಲೆ ಹಾಸುವುದು. ನಾಲ್ಕು ಬೆರಳು ದಪ್ಪ. ತೀರಾ ತೆಳುವಾದರೆ ಬಿಸಿಲು ನುಗ್ಗುತ್ತದೆ, ತೀರಾ ದಪ್ಪವಾದರೆ ಮಣ್ಣಿಗೆ ಉಸಿರಾಡಲಾಗದು. ಎಲೆ ಅಂಟಿಕೊಂಡು ಹಪ್ಪಳದಂತಾದರೆ ಕೋಲಿನಿಂದ ಕೆದಕಿ ಸಡಿಲ ಮಾಡುವುದು. ಕುಗ್ಗಿದಲ್ಲಿ ಹೊಸದು ಸೇರಿಸುವುದು. ಕಾಂಡಕ್ಕೆ ಮಾತ್ರ ತಾಗಿಸಬಾರದು, ಸುತ್ತ ಒಂದು ಅಂಗೈ ಜಾಗ ಬಿಡಬೇಕು. ಇದನ್ನು ಕಲಿಸಿದ್ದು ಗುಲಾಬಿ. ಗಿರಿಜಮ್ಮನಿಗೆ ಅದರ ಮೇಲೆ ವಿಶೇಷ ಪ್ರೀತಿ. ಎಣ್ಣೆ ನೀರಾದ ಮಗುವಿಗೆ ಸುತ್ತುವಂತೆ ಕುತ್ತಿಗೆಯವರೆಗೂ ಎಲೆ ಸುತ್ತಿದ್ದರು. ಅದು ಬುಡ ಕೊಳೆತು ಸತ್ತಿತು. "ಪ್ರೀತಿ ಜಾಸ್ತಿಯಾತು" ಎಂದು ಕಿತ್ತು, ಕತ್ತರಿಸಿ, ಅದನ್ನೂ ಮಲ್ಲಿಗೆಗೆ ಹೊದಿಸಿದರು.

ಒಂದೇ ತೊಂದರೆ ಪೊರಕೆ. ರುದ್ರಪ್ಪನವರು ಮೋಸಗಾರರಲ್ಲ. ತೋಟಕ್ಕೆ ಕೈ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದರು. ಆದರೆ ಬೆಳಗಿನ ಜಾವದ ಅರೆನಿದ್ದೆಯಲ್ಲಿ ಕೈ ಯಾರ ಮಾತು ಕೇಳುತ್ತದೆ? ಗೇಟಿನ ಬಳಿ ನಿಂತು, ಪೊರಕೆ ಚಾಚಿದಷ್ಟು ದೂರದ ಎಲೆಯನ್ನೆಲ್ಲ ಎಳೆದು ಗುಡಿಸಿ, ಕನಕಾಂಬರದ ಸಾಲನ್ನು ಕನ್ನಡಿ ಮಾಡಿ, ತೃಪ್ತಿಯಿಂದ ಒಳಗೆ ಬರುತ್ತಿದ್ದರು. ಅದರಾಚೆ ಕಾಲಿಡುತ್ತಿರಲಿಲ್ಲ, ಕಾಲು ಕೆಸರಾಗುತ್ತದೆ. ನಾವು ಸಂಜೆ ಹೊದಿಸುವುದು, ಅವರು ಬೆಳಿಗ್ಗೆ ಗುಡಿಸುವುದು. ಕೊನೆಗೆ ಗಿರಿಜಮ್ಮ ಅಲ್ಲಿ ಎಲೆ ಹಾಸುವುದನ್ನು ಬಿಟ್ಟು, ಕನಕಾಂಬರಕ್ಕೆ ಪಾತ್ರೆ ತೊಳೆದ ನೀರನ್ನಷ್ಟೇ ಹಾಕತೊಡಗಿದರು. ಕನಕಾಂಬರ ಒಣಗಿತು.

ಮಳೆ ಇನ್ನೂ ಬಂದಿರಲಿಲ್ಲ. ಕಾರು ಬರುವ ದಿನ ಮಾತ್ರ ನಿಗದಿಯಾಯಿತು. ಒಂದು ಬೆಳಿಗ್ಗೆ ನಾನು ತಲೆಗೆ ಸ್ನಾನ ಮಾಡಿ ಕೆಳಗಿಳಿದರೆ ಗೇಟಿನಲ್ಲಿ ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದ. ಬೀದಿಯಿಂದ ನೋಡಿದವರಿಗೆ ಕಾಣುತ್ತಿದ್ದುದು ಸತ್ತ ಕನಕಾಂಬರ, ಅದರ ಹಿಂದೆ ಕಂದು ಎಲೆಗಳ ರಾಶಿ. ಮಲ್ಲಿಗೆಯ ಕೊಂಬೆಗಳನ್ನು ನಾವು ಕತ್ತರಿಸಿ ಗಿಡ್ಡ ಮಾಡಿದ್ದೆವು. ಮೊಗ್ಗು ಕೆಳಗೆ, ಕಣ್ಣಿಗೆ ಬೀಳದಂತಿತ್ತು. ದಾಸವಾಳದ ಪರಿಸ್ಥಿತಿಗೆ ಹಸು ಕಾರಣ.

"ಸಾರ್, ಇಲ್ಲಿ ತೆಗೆಯೋಕೇನಿದೆ, ಎಲ್ಲಾ ಒಣಗೋಗಿದೆ" ಎಂದ ಮೇಸ್ತ್ರಿ. "ಅರ್ಧ ದಿನದಲ್ಲಿ ಅಗೆದು ಕೊಡ್ತೀನಿ."

ರುದ್ರಪ್ಪನವರ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ. "ನೋಡು ಗಿರಿಜಾ, ನಾನು ಹೇಳಿದ್ದೆ" ಎಂದು ಮೆಲ್ಲಗೆ ಅಂದರು.

ಗಿರಿಜಮ್ಮ ತೋಟದ ಇಟ್ಟಿಗೆ ಅಂಚಿನ ಮೇಲೆ ಕುಳಿತಿದ್ದರು, ಏಳಲಿಲ್ಲ. "ಒಮ್ಮೆ ಕೈ ಹಾಕಿ ನೋಡ್ರಿ."

ಅವರು ಬಗ್ಗಿ, ಎಲೆಗಳ ಕೆಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿದರು. ಹಾಗೆಯೇ ನಿಂತರು. ಕೈ ತೆಗೆದಾಗ ಬೆರಳ ತುಂಬ ಕಪ್ಪು ಮಣ್ಣು, ಮಣ್ಣಿನಲ್ಲೊಂದು ಎರೆಹುಳ.

"ಒದ್ದೆ ಐತಲ್ಲೇ" ಎಂದರು. ಆಮೇಲೆ ಹುಬ್ಬು ಗಂಟಾಯಿತು. "ಈ ಬಿಸಿಲಾಗ ಇಷ್ಟು ಒದ್ದೆ ಹೆಂಗೈತಿ? ನಲ್ಲಿ ನೀರು ಬಿಟ್ಟೀಯಾ?"

ಗಿರಿಜಮ್ಮ ಗಂಡನ ಮುಖವನ್ನೇ ನೋಡಿದರು. ಬೇಸಿಗೆಯುದ್ದಕ್ಕೂ ಅಕ್ಕಿ ತೊಳೆದ ನೀರನ್ನು ತುಪ್ಪದಂತೆ ಬಡಿಸಿದ್ದ ಹೆಂಗಸು. "ನಾನು ಕದ್ದೆ ಅಂತೀರಾ" ಎಂದು ಎದ್ದು, ಸೆರಗು ಕೊಡವಿ, ಒಳಗೆ ಹೋದರು. ತೋಟದ ಮಾತು ಅಲ್ಲಿಗೆ ಮುಗಿದಿತ್ತು. ಉಳಿದದ್ದು ಅವರು ಕೊಟ್ಟ ಮಾತಿನ ಪ್ರಶ್ನೆ.

ಮೇಸ್ತ್ರಿ ಹಾರೆ ನೋಡಿಕೊಂಡ. ಎದುರುಮನೆಯ ಬಾಗಿಲಿಗೆ ಪದ್ಮಾ ಆಂಟಿ ಬಂದು ನಿಂತರು. ನನಗೆ ಮೆಟ್ಟಿಲು ಹತ್ತಿ ಕೋಣೆ ಸೇರಿಬಿಡುವ ಆಸೆ. ಬೇರೆಯವರ ಮನೆಯ ವಿಷಯ. ಆದರೆ ಬಾಯಿ ಆಗಲೇ ತೆರೆದುಹೋಗಿತ್ತು.

"ಅಂಕಲ್," ಎಂದೆ. ದನಿ ನನ್ನದೇ ಎಂದು ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. "ಮೇಸ್ತ್ರಿಗೆ ಹೇಳಿ, ಈ ಗೇಟಿನ ಹತ್ತಿರ ಒಂದು ಏಟು ಹಾಕಲಿ."

ಮೇಸ್ತ್ರಿ ಕನಕಾಂಬರದ ಬುಡಕ್ಕೆ ಹಾರೆ ಹಾಕಿದ. ಕಲ್ಲಿಗೆ ಬಿದ್ದಂತೆ ಠಣ್ಣೆಂದಿತು.

"ಈಗ ಎಲೆ ಇರೋ ಕಡೆ."

ಹಾರೆ ಇಡ್ಲಿಗೆ ಚಮಚ ಇಳಿದಂತೆ ಇಳಿಯಿತು.

"ಎರಡೂ ಕಡೆಗೆ ಅದೇ ಪಾತ್ರೆ ತೊಳೆದ ನೀರು ಅಂಕಲ್. ಆಂಟಿ ದಿನಾ ಗೇಟಿಂದಾನೇ ಶುರು ಮಾಡ್ತಿದ್ರು. ನಲ್ಲಿ ನೀರು ಬಿಟ್ಟಿದ್ರೆ ಇಲ್ಲೂ ಒದ್ದೆ ಇರಬೇಕಿತ್ತಲ್ಲ. ನೀರು ಕದ್ದಿದ್ದು ಬಿಸಿಲು. ಹೊದಿಕೆ ಇರೋ ಕಡೆ ಅದಕ್ಕೆ ಕದಿಯೋಕಾಗಲಿಲ್ಲ, ಅಷ್ಟೇ."

"ಮತ್ತೆ ಇಲ್ಲಿ ಯಾಕೆ ಹೊದಿಸಲಿಲ್ಲ?" ರುದ್ರಪ್ಪನವರು ಕೇಳಿದರು. ನ್ಯಾಯವಾದ ಪ್ರಶ್ನೆ.

"ಹೊದಿಸಿದ್ವಿ ಅಂಕಲ್. ದಿನಾ ಬೆಳಿಗ್ಗೆ ನೀವು ಗುಡಿಸಿಬಿಡ್ತಿದ್ರಿ."

ಮೊದಲು ನಕ್ಕವನು ಮೇಸ್ತ್ರಿ. ಆಮೇಲೆ ಎದುರುಮನೆಯಿಂದ ಪದ್ಮಾ ಆಂಟಿ, "ಹೌದು ರೀ, ನಾನೇ ನೋಡಿದೀನಿ, ಕಣ್ಣು ಮುಚ್ಕೊಂಡು ಗುಡಿಸ್ತೀರಿ ನೀವು" ಎಂದರು. ರುದ್ರಪ್ಪನವರು ಗಟ್ಟಿ ಮಣ್ಣನ್ನು ನೋಡಿದರು, ಮೆತ್ತನೆಯ ಮಣ್ಣನ್ನು ನೋಡಿದರು, ತಮ್ಮ ಬಲಗೈಯನ್ನು ನೋಡಿಕೊಂಡರು. ಎರೆಹುಳವನ್ನು ಜಾಗ್ರತೆಯಾಗಿ ಎಲೆಯ ಕೆಳಗೆ ಇಳಿಬಿಟ್ಟು ಒಳಗೆ ಹೋದರು. ಒಳಗೆ ಏನು ಮಾತಾಯಿತೋ ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿದ್ದರೂ ಇಲ್ಲಿ ಹೇಳುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಕಾಫಿ ಲೋಟಗಳ ತಟ್ಟೆಯನ್ನು ತಾವೇ ಹಿಡಿದು ಬಂದರು. ಮೇಸ್ತ್ರಿಗೆ ಒಂದು ಲೋಟ ಕೊಟ್ಟು, "ಕುಡಿದು ಹೋಗಪ್ಪ, ಸಿಮೆಂಟ್ ಬೇಡ" ಎಂದರು. ಹಿಂದೆಯೇ ಗಿರಿಜಮ್ಮ ಬಂದರು, ಕಣ್ಣು ಕೆಂಪಗೆ. ತುಟಿಯನ್ನು ಮಾತ್ರ ಬಹಳ ಕಷ್ಟಪಟ್ಟು ಗಂಭೀರವಾಗಿ ಇಟ್ಟುಕೊಂಡಿದ್ದರು.

ಆ ಸಂಜೆ ನಾನು ಕಾಲೇಜಿನಿಂದ ಬಂದಾಗ ರುದ್ರಪ್ಪನವರು ಕನಕಾಂಬರದ ಸಾಲಿನೆದುರು ಕುಕ್ಕರುಗಾಲಲ್ಲಿ ಕುಳಿತಿದ್ದರು.

"ನಾಲ್ಕು ಬೆರಳು ಅಂದ್ರೆ, ನನ್ನ ಬೆರಳೋ, ಅವಳ ಬೆರಳೋ?" ಎಂದು ಕೇಳಿದರು.

ಕಾರು ಬಂತು. ಬೀದಿಯಲ್ಲಿ ಹೊಂಗೆಮರದ ಕೆಳಗೆ ನಿಂತಿತು. ಹೊಂಗೆಗೆ ಅದು ಹೂವಿನ ಕಾಲ. ಬೆಳಗಾಗುವಷ್ಟರಲ್ಲಿ ಬಿಳಿ ಕಾರಿನ ಮೇಲೆ ನಸುನೇರಳೆ ಮಂಡಕ್ಕಿ ಸುರಿದಂತೆ ಹೂವು. ರುದ್ರಪ್ಪನವರು ಪೊರಕೆಯಿಂದ ಬಾನೆಟ್ಟು ಗುಡಿಸಿ, ಬುಟ್ಟಿಗೆ ತುಂಬಿ, ಗೇಟಿನೊಳಗೆ ತಂದು ಮಲ್ಲಿಗೆಯ ಬುಡಕ್ಕೆ ಸುರಿಯುತ್ತಿದ್ದರು. ಬುಡಕ್ಕಲ್ಲ, ಬುಡದಿಂದ ಒಂದು ಅಂಗೈ ಆಚೆಗೆ. ಮೊದಲ ಮಳೆ ಬಂದ ದಿನ ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಮಲ್ಲಿಗೆ ಬಿರಿದಿತ್ತು.

ಇಗೋ, ಮನೆ ಬಂತು.

ಗೇಟು ತೆರೆದು ಕಾಲಿಟ್ಟೆ. "ಅಲ್ಲಿ ಬೇಡ, ಆ ಕಡೆಯಿಂದ ಬಾರಮ್ಮ. ಅಲ್ಲಿ ಈಗಷ್ಟೇ ಹಾಸೀನಿ" ಎಂದಿತು ಒಂದು ದನಿ. ರುದ್ರಪ್ಪನವರು ದಾಸವಾಳದ ಹಿಂದಿನಿಂದ ಎದ್ದರು. ಕೂದಲು ಪೂರ್ತಿ ನೆರೆತಿದೆ, ಮಂಡಿಗೆಲ್ಲ ಮಣ್ಣು. ಬಾಗಿಲಲ್ಲಿ ಗಿರಿಜಮ್ಮ. ನನ್ನ ಕೈ ಹಿಡಿದು ಒಳಗೆ ಕರೆದು, ಕುಶಲ ಕೇಳುವ ಮುಂಚೆಯೇ ದೂರು ಹೇಳಿದರು.

"ತಂಗಿ, ನೀನಾದ್ರೂ ಹೇಳು ಈ ಮನುಷ್ಯನಿಗೆ. ನನ್ನ ತೋಟಕ್ಕೆ ನನ್ನನ್ನೇ ಬಿಡಲ್ಲ. ಹೂವು ಕೀಳೋಕೆ ಹೋದ್ರೆ 'ಹೊದಿಕೆ ತುಳೀಬೇಡ' ಅಂತಾನ. ಪೂಜೆ ಹೂವು ಅವನೇ ಕಿತ್ತು ಕೊಡ್ತಾನ, ಎಣಿಸಿ."

"ಅವಳು ಗಿಡದ ಕುತ್ತಿಗೆಗೆ ಎಲೆ ಸುತ್ತತಾಳ" ಎಂದು ಹೊರಗಿನಿಂದ ಉತ್ತರ ಬಂತು.

"ಒಂದು ಗುಲಾಬಿ. ಎಷ್ಟು ವರ್ಷ ಆತು. ಇನ್ನೂ ಹೇಳ್ತಾನ ನೋಡು."

ಮಧ್ಯಾಹ್ನದ ಊಟದವರೆಗೆ ಪಂಚಾಯಿತಿ ನಡೆಯಿತು. ನಾನು ಪಂಚಾಯಿತಿ ಮಾಡುವವಳಲ್ಲ, ಆದರೂ ಮಾಡಿದೆ. ತೀರ್ಪು: ಮಲ್ಲಿಗೆಯ ಮೂಲೆ ಗಿರಿಜಮ್ಮನಿಗೆ, ಅಲ್ಲಿ ರುದ್ರಪ್ಪನವರ ಬೆರಳು ಅಳತೆಗೆ ಹೋಗುವಂತಿಲ್ಲ. ಅವರು ಒಪ್ಪಿದರು. ಒಪ್ಪಿದ ಬೇಸರಕ್ಕೋ ಏನೋ, ಹೊರಡುವಾಗ ನನಗೆ ಒಂದು ಗೋಣಿಚೀಲದ ತುಂಬ ಹೊಂಗೆ ಎಲೆ ಕಟ್ಟಿಕೊಟ್ಟರು. ಕೆಂಗೇರಿ ಉಪನಗರದಲ್ಲಿ ನನಗೂ ಈಗ ಕಿಟಕಿಯ ಕೆಳಗೆ ಒಂದು ತುಂಡು ನೆಲವಿದೆಯೆಂದು ಬಾಯಿ ತಪ್ಪಿ ಹೇಳಿದ್ದೆ.

ಚೀಲ ಬಸ್ಸಿನಲ್ಲಿ ಒಂದು ಸೀಟು ಹಿಡಿಯಿತು. ಕಂಡಕ್ಟರ್ ಬಂದು ಅದನ್ನು ಒತ್ತಿ ನೋಡಿದ. ಅದು ಗರಗರ ಎಂದಿತು.

"ಏನ್ ಮೇಡಂ ಇದು?"

"ತರಗೆಲೆ."

"ಔಷಧಿಗಾ?"

ಮುಂದಿನ ಸೀಟಿನಿಂದ ಇಬ್ಬರು ತಿರುಗಿದರು. ಹಿಂದಿನಿಂದ ಯಾರೋ ಬಗ್ಗಿದರು. "ನಮ್ಮನೆ ಬಾಲ್ಕನಿ ತುಳಸಿ ಮಧ್ಯಾಹ್ನಕ್ಕೆ ತಲೆ ಬಗ್ಗಿಸ್ಬಿಡುತ್ತೆ, ಅದಕ್ಕೂ ಆಗುತ್ತಾ?" ಎಂದು ಒಬ್ಬ ಹುಡುಗಿ ಕೇಳಿದಳು, ರಾಜರಾಜೇಶ್ವರಿನಗರದವಳಂತೆ. ಆಗುತ್ತದೆ ಎಂದೆ. ಹೇಗ್ರೀ ಎಂದರು ಇನ್ನೊಬ್ಬರು. ನಾನು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಎಲೆ ತೆಗೆದು, ಮೊದಲಿನಿಂದ ಶುರುಮಾಡಿದೆ. ಕಥೆಯಲ್ಲಿ ಹಸು ಬಂದಾಗ ಬಸ್ಸು ನಕ್ಕಿತು. ಇರುವೆಗಳ ಸರದಿ ಬಂದಾಗ ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದ.

ಕೆಂಗೇರಿಯಲ್ಲಿ ಇಳಿದಾಗ ಚೀಲ ಅರ್ಧ ಖಾಲಿಯಾಗಿತ್ತು, ಗಂಟಲು ಒಣಗಿತ್ತು. ಅಷ್ಟು ಮಾತನಾಡಿ ನನಗೆ ಅಭ್ಯಾಸವಿಲ್ಲ.